ನಾಯಿಯ ಅಕ್ಕರೆಗೆ ಆತಕೂರಿನ ಸಾಕ್ಷಿ

ಗಿಡ್ಡ ಪೂಡಲ್ ನಾಯಿಯನ್ನು ಮನೆಯೊಳಗೆ ಮುದ್ದಿನಿಂದ ಸಾಕುವುದು ಪೇಟೆಯವರ ಹೊಸ ಶೋಕಿ ಎಂದು ಜರಿಯುವವರಿದ್ದಾರೆ. ಮಲಪ್ರಭೆಯ ದಂಡೆಯ ಮನೋಳಿ ಸೀಮೆಯಲ್ಲಿ ನಾಯಿ ಎಂದರೆ ಕುರಿಹಿಂಡು, ಹೊಲ ಕಾಯುವ ಜೀವ. ಅತ್ತ ಮುಧೋಳದಲ್ಲಿ ಅದು ಬೇಟೆಗಾರ. ಆದರೆ ದುಡಿಯುವ ನಾಯಿಗೆ ಅಕ್ಕರೆ ಸಲ್ಲುತ್ತಿರಲಿಲ್ಲ ಎಂಬ ಮಾತನ್ನು ನಮ್ಮ ಶಾಸನಗಳೇ ಒಪ್ಪುವುದಿಲ್ಲ. ಕ್ರಿ.ಶ. 949-50ರ ಆತಕೂರು ಶಾಸನದಲ್ಲಿ, ಗಂಗರ ಬೂತುಗನ ಸೇವಕ ಮಣಲೆರ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಕಾಡುಹಂದಿಯೊಡನೆ ಕಾದಾಡಿ ಎರಡೂ ಸತ್ತಾಗ ಚಲ್ಲೇಶ್ವರ ಗುಡಿಯೆದುರು ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಗುಡಿಯ ಪೂಜಾರಿಯಾದ ಗೊರವನು ಉಣ್ಣಬಾರದೆಂದು ಕಟ್ಟಳೆ ಮಾಡಿದರು. ಕಲ್ಲಿನ ನೆತ್ತಿಯಲ್ಲಿ ನಾಯಿ, ಹಂದಿ ಎದುರುಬದುರಾಗಿ ಸೆಣಸುವ ಕೆತ್ತನೆಯೂ ಇದೆ.

ಕಾಳಿ ಬೇಟೆನಾಯಿ, ಪೂಡಲ್ ಬರಿಯ ಆಟಿಕೆ ಎಂಬ ಆಕ್ಷೇಪವೂ ನಿಲ್ಲದು. ಪೂಡಲ್‌ನ ಪೂರ್ವಜರು ಯುರೋಪಿನಲ್ಲಿ ಬೇಟೆಗಾರರು ಹೊಡೆದ ಬಾತುಗಳನ್ನು ನೀರಿನಿಂದ ಹೆಕ್ಕಿ ತರುತ್ತಿದ್ದವು, 28 ಸೆಂ.ಮೀ. ಮೀರದ ಗಿಡ್ಡ ತಳಿ ಅವುಗಳದೇ ಸಂತತಿ. ಮೈ ಕುಗ್ಗಿದರೂ ಆರೈಕೆ ಕುಗ್ಗಿಲ್ಲ. ಬೆಳೆಯುತ್ತಲೇ ಇರುವ ಗುಂಗುರು ಕೂದಲನ್ನು ಬಾಚದೆ, ಕತ್ತರಿಸದೆ ಬಿಟ್ಟರೆ ಕಿವಿಯ ಹಿಂದೆ, ಕಂಕುಳಲ್ಲಿ ಜಡೆಗಟ್ಟಿ ಚರ್ಮ ಹುಣ್ಣಾಗುತ್ತದೆ. ಆದ್ದರಿಂದ ಕೇಳಬೇಕಾದದ್ದು ನಾಯಿಯ ಉಪಯೋಗವನ್ನಲ್ಲ, ಸಾಕುವವರ ಹೊಣೆಯನ್ನು. ಆ ಹೊಣೆಯನ್ನು ಕೊನೆತನಕ ಹೊರುವವರೇ ಆತಕೂರಿನ ಪರಂಪರೆಗೆ ನಿಜವಾದ ವಾರಸುದಾರರು.