ವಿಜಯನಗರದ ಆಸ್ಥಾನ ಮತ್ತು ಕಿರುತೆರೆಯ ನಗೆ: ಒಂದು ಚಾರಿತ್ರಿಕ ಅವಲೋಕನ

ಅರಸನ ಆಸ್ಥಾನ, ಅಲ್ಲಿ ಒಬ್ಬರನ್ನೊಬ್ಬರು ಕೆಡವಲು ಹೊಂಚು ಹಾಕುವ ಪ್ರಮುಖರು, ಅವರ ತಂತ್ರಗಳನ್ನು ಮಾತಿನ ಚಮತ್ಕಾರದಿಂದಲೇ ಬಯಲಿಗೆಳೆಯುವ ಒಬ್ಬ ವಿಕಟಕವಿ. ಭಾರತದ ದೂರದರ್ಶನ ಧಾರಾವಾಹಿಗಳಲ್ಲಿ ಈ ಚೌಕಟ್ಟು ಸಾಕಷ್ಟು ಬಳಕೆಯಾಗಿದೆ. ವಿಜಯನಗರದ ಕೃಷ್ಣದೇವರಾಯನ ಆಸ್ಥಾನಕ್ಕೆ ಇದನ್ನು ಅಳವಡಿಸಿದ ಎರಡು ಹಿಂದೀ ಧಾರಾವಾಹಿಗಳನ್ನು ಇಲ್ಲಿ ಮುಖ್ಯವಾಗಿ ಗಮನದಲ್ಲಿಟ್ಟುಕೊಳ್ಳಲಾಗಿದೆ. ಮೊದಲನೆಯದು, ಕನ್ನಡದ ನಿರ್ದೇಶಕರಾದ ಟಿ. ಎಸ್. ನಾಗಾಭರಣರು ನಿರ್ದೇಶಿಸಿ 1990ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ‘ತೆನಾಲಿ ರಾಮ’. ಎರಡನೆಯದು, ಅದೇ ಹೆಸರಿನಲ್ಲಿ 2017ರಿಂದ 2020ರವರೆಗೆ ಸಬ್ ಟಿವಿಯಲ್ಲಿ ನೂರಾರು ಕಂತುಗಳಾಗಿ ಬಂದುದು.

ಇಂಥ ಧಾರಾವಾಹಿಗಳನ್ನು ಕುರಿತು ವಿದ್ವಾಂಸರು ಮಾತನಾಡುವುದು ಕಡಿಮೆ. ಮಾತನಾಡಿದಾಗಲೂ ಉಡುಗೆತೊಡುಗೆ, ಕಾಲ ಮತ್ತು ಹೆಸರುಗಳ ತಪ್ಪುಗಳನ್ನು ಪಟ್ಟಿಮಾಡಿ ಮುಗಿಸುವುದೇ ವಾಡಿಕೆ. ಆದರೆ ದೆಹಲಿ, ಮುಂಬಯಿ, ಪುಣೆಗಳಲ್ಲಿ ಹುಟ್ಟಿ ಬೆಳೆದ ಕನ್ನಡ ಮನೆತನಗಳ ಅನೇಕ ಮಕ್ಕಳಿಗೆ ವಿಜಯನಗರವೆಂಬ ಹೆಸರು ಮೊದಲು ಪರಿಚಯವಾಗುವುದು ಶಾಸನದಿಂದಲೂ ಅಲ್ಲ, ಕಾವ್ಯದಿಂದಲೂ ಅಲ್ಲ, ಈ ನಗೆಯ ಮೂಲಕ ಎಂಬುದನ್ನು ನಾವು ಮರೆಯಲಾಗದು. ಆದ್ದರಿಂದ ‘ಇದು ನಿಜವೇ?’ ಎಂಬ ಪ್ರಶ್ನೆಗಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಆಸ್ಥಾನದ ಒಳಸಂಚು ಎಂಬ ಚಾರಿತ್ರಿಕ ಸಂಗತಿಯನ್ನು ಈ ನಗೆ ಏನು ಮಾಡುತ್ತದೆ? ಈ ಲೇಖನದಲ್ಲಿ ನಾವು ಕೈಗೆತ್ತಿಕೊಂಡಿರುವುದು ಆ ಪ್ರಶ್ನೆಯನ್ನು.

1

ಸನ್ನಿವೇಶಹಾಸ್ಯದ ಧಾರಾವಾಹಿಗೆ ತನ್ನದೇ ಆದ ಒಂದು ನಿಯಮವಿದೆ. ಅದೇ ಸ್ಥಳ, ಅದೇ ಜನ; ಸಮಸ್ಯೆ ಮಾತ್ರ ಹೊಸದು. ಕಥೆ ಮುಗಿಯುವಾಗ ಎಲ್ಲವೂ ಮೊದಲಿನ ಸ್ಥಿತಿಗೆ ಮರಳಬೇಕು. ಇಂದು ಸಿಕ್ಕಿಬಿದ್ದ ಸಂಚುಗಾರ ನಾಳೆ ಮತ್ತೊಂದು ಸಂಚು ಹೂಡಬೇಕಾದುದರಿಂದ ಅವನನ್ನು ಆಸ್ಥಾನದಿಂದ ಕಳಿಸುವಂತಿಲ್ಲ. ರಾಜಗುರು ತಾತಾಚಾರ್ಯನ ಪಾತ್ರ ನಿಂತಿರುವುದೇ ಈ ನಿಯಮದ ಮೇಲೆ. ಅವನು ಅಸೂಯೆಪಡುತ್ತಾನೆ, ಶಿಷ್ಯರನ್ನು ಕಟ್ಟಿಕೊಂಡು ತಂತ್ರ ಹೂಡುತ್ತಾನೆ, ಸೋತು ತಲೆತಗ್ಗಿಸುತ್ತಾನೆ. ಅರಸನು ಗದರುತ್ತಾನೆ, ಕ್ಷಮಿಸುತ್ತಾನೆ. ಮರುದಿನ ರಾಜಗುರು ತನ್ನ ಆಸನದಲ್ಲಿಯೇ ಇರುತ್ತಾನೆ.

ಈ ರಚನೆಯಿಂದ ಮೂರು ಪರಿಣಾಮಗಳಾಗುತ್ತವೆ. ಒಂದು, ಒಳಸಂಚು ಸ್ವಭಾವದೋಷವಾಗಿ ಕಾಣಿಸುತ್ತದೆ. ಅದು ದುರಾಸೆ ಅಥವಾ ಹೊಟ್ಟೆಕಿಚ್ಚಿನ ಫಲವೇ ಹೊರತು ಅಧಿಕಾರದ ಪ್ರಶ್ನೆಯಲ್ಲ. ಎರಡು, ಅರಸನು ಸಂಚಿಗೆ ಹೊರಗಿನವನಾಗಿ, ನ್ಯಾಯ ಹೇಳುವ ಸಾಕ್ಷಿಯಾಗಿ ನಿಲ್ಲುತ್ತಾನೆ. ಮೂರು, ಸಿಂಹಾಸನ ಎಂದೂ ಅಲುಗುವುದಿಲ್ಲ. ವಿಜಯನಗರದ ಆಕರಗಳು ಈ ಮೂರನ್ನೂ ಒಪ್ಪುವುದಿಲ್ಲ.

2

ಕೃಷ್ಣದೇವರಾಯನ ಮನೆತನ ಪಟ್ಟಕ್ಕೆ ಬಂದ ಬಗೆಯನ್ನೇ ಮೊದಲು ನೋಡಬಹುದು. 1485ರಲ್ಲಿ ಸಾಳುವ ನರಸಿಂಹನು ಸಂಗಮ ವಂಶವನ್ನು ಕೆಳಗಿಳಿಸಿ ತಾನೇ ಅರಸನಾದನು. ಅವನ ದಂಡನಾಯಕನಾಗಿದ್ದ ತುಳುವ ನರಸನಾಯಕನು ಸಾಳುವ ನರಸಿಂಹನ ಮರಣಾನಂತರ ಅವನ ಮಗ ಇಮ್ಮಡಿ ನರಸಿಂಹನನ್ನು ಹೆಸರಿಗೆ ಅರಸನಾಗಿರಿಸಿ 1503ರವರೆಗೆ ತಾನೇ ಆಳಿದನು. ಇಮ್ಮಡಿ ನರಸಿಂಹನು ಪೆನುಕೊಂಡೆಯಲ್ಲಿ ಕೊಲೆಯಾದನು. 1505ರಲ್ಲಿ ನರಸನಾಯಕನ ಮಗ ವೀರನರಸಿಂಹನು ಪಟ್ಟವೇರಿದನು. ಇಪ್ಪತ್ತೇ ವರ್ಷಗಳಲ್ಲಿ ಸಿಂಹಾಸನ ಎರಡು ಬಾರಿ ಮನೆತನ ಬದಲಿಸಿತು. ಎರಡೂ ಬಾರಿ ಅದನ್ನು ಕೈವಶ ಮಾಡಿಕೊಂಡವರು ಹೊರಗಿನ ಶತ್ರುಗಳಲ್ಲ, ಅದನ್ನು ಕಾಯಬೇಕಾದವರೇ.

1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಮುಂದಿನ ಘಟನೆಯನ್ನು ಹೇಳುತ್ತಾನೆ. ಮರಣಶಯ್ಯೆಯಲ್ಲಿದ್ದ ವೀರನರಸಿಂಹನು ತನ್ನ ಎಳೆಯ ಮಗನಿಗೆ ಪಟ್ಟ ಕಟ್ಟಬೇಕೆಂದೂ ದಾಯಾದಿ ತಂಟೆ ಬಾರದಂತೆ ತಮ್ಮ ಕೃಷ್ಣದೇವರಾಯನ ಕಣ್ಣು ಕೀಳಿಸಬೇಕೆಂದೂ ಮಂತ್ರಿ ಸಾಳುವ ತಿಮ್ಮರಸನಿಗೆ ಅಪ್ಪಣೆ ಮಾಡಿದನಂತೆ. ತಿಮ್ಮರಸನು ಆಡಿನ ಕಣ್ಣುಗಳನ್ನು ತಂದು ಅರಸನಿಗೆ ತೋರಿಸಿ ಕೃಷ್ಣದೇವರಾಯನನ್ನು ಉಳಿಸಿದನಂತೆ. 1509ರಲ್ಲಿ ಕೃಷ್ಣದೇವರಾಯನು ಅರಸನಾದನು.

ಅದೇ ಲೇಖಕ ಹೇಳುವ ಎರಡನೆಯ ಘಟನೆ ಮೊದಲನೆಯದಕ್ಕೆ ನೇರ ಉತ್ತರದಂತಿದೆ. ಕೃಷ್ಣದೇವರಾಯನು ತನ್ನ ಬಾಲಕ ಮಗ ತಿರುಮಲರಾಯನಿಗೆ ಪಟ್ಟ ಕಟ್ಟಿದನು. ಈ ಬಾಲಕನ ಹೆಸರು 1524ರ ಶಾಸನಗಳಲ್ಲಿಯೂ ಬರುತ್ತದೆ. ಸ್ವಲ್ಪ ಕಾಲದಲ್ಲೇ ಬಾಲಕ ಕಾಯಿಲೆಯಿಂದ ತೀರಿಕೊಂಡನು. ತಿಮ್ಮರಸನ ಮಗನೇ ವಿಷವಿಕ್ಕಿದನೆಂಬ ಶಂಕೆ ಹುಟ್ಟಿ, ಮಂತ್ರಿಯೂ ಅವನ ಮನೆಯವರೂ ಸೆರೆ ಸೇರಿದರು. ಬ್ರಾಹ್ಮಣರನ್ನು ಕೊಲ್ಲುವಂತಿಲ್ಲವಾದುದರಿಂದ ಕೊನೆಗೆ ಅವರ ಕಣ್ಣು ಕೀಳಿಸಲಾಯಿತು. ಯಾವ ಕಣ್ಣುಗಳನ್ನು ಉಳಿಸಿ ಮಂತ್ರಿ ಒಬ್ಬ ಅರಸನನ್ನು ಮಾಡಿದನೋ ಆ ಅರಸನೇ ಮಂತ್ರಿಯ ಕಣ್ಣು ತೆಗೆಸಿದನು.

ನೂನಿಜ್‌ನ ಬರಹವನ್ನು ನಾವು ಎಚ್ಚರದಿಂದಲೇ ಬಳಸಬೇಕು. ಘಟನೆಯಾಗಿ ಸುಮಾರು ಹತ್ತು ವರ್ಷಗಳ ಮೇಲೆ, ಜನರ ಬಾಯಿಂದ ಕೇಳಿ ಬರೆದುದು ಅದು. ಎರಡು ಕಣ್ಣುಗಳ ಕಥೆಗಳ ಹೊಂದಾಣಿಕೆಯಲ್ಲಿಯೇ ಕಥನದ ಕೈವಾಡ ಕಾಣುತ್ತದೆ. ಆದರೆ ಅರಸನ ಮರಣವಾಗಿ ಹತ್ತು ವರ್ಷ ತುಂಬುವ ಮೊದಲೇ ರಾಜಧಾನಿಯ ಜನ ತಮ್ಮ ಅರಸನನ್ನೂ ಮಂತ್ರಿಯನ್ನೂ ಕುರಿತು ಇಂಥ ಮಾತಾಡುತ್ತಿದ್ದರು ಎಂಬುದಂತೂ ಸಂಶಯಾತೀತ. ಒಳಸಂಚನ್ನು ಆ ಕಾಲದವರು ನಗೆಯ ವಸ್ತುವೆಂದಲ್ಲ, ಭಯದ ವಸ್ತುವೆಂದೇ ನೆನೆದರು.

ಮುಂದಿನ ಕಾಲವೂ ಭಿನ್ನವಲ್ಲ. 1542ರಲ್ಲಿ ಅಚ್ಯುತರಾಯನು ತೀರಿದ ಮೇಲೆ ಅವನ ಮಗನನ್ನು ಸೋದರಮಾವ ಸಲಕರಾಜು ತಿರುಮಲನೇ ಕೊಲ್ಲಿಸಿದನು. ಅವನನ್ನು ಸೋಲಿಸಿದ ರಾಮರಾಯನು ಸದಾಶಿವರಾಯನನ್ನು ಮುಂದಿಟ್ಟುಕೊಂಡು 1565ರವರೆಗೆ ಆಳಿದನು. 1614ರಲ್ಲಿ ಅರವೀಡು ವೆಂಕಟಪತಿರಾಯನು ತೀರಿದಾಗ ಜಗ್ಗರಾಯನು ಬಂಡೆದ್ದು ಹೊಸ ಅರಸ ಶ್ರೀರಂಗನನ್ನು ಸಂಸಾರಸಮೇತ ಸೆರೆಯಲ್ಲಿಟ್ಟನು. ಆ ಕುಟುಂಬ ಅಲ್ಲಿಯೇ ಕೊನೆಗಂಡಿತು. ಉಳಿದವನು ಒಬ್ಬ ರಾಜಕುಮಾರ ಮಾತ್ರ. ಅವನನ್ನು ಹೊರಗೆ ಸಾಗಿಸಿದವನು ಒಬ್ಬ ಅಗಸನೆಂದು ಪಾದ್ರಿ ಬರ್ರಾದಾಸ್ 1616ರ ಪತ್ರದಲ್ಲಿ ಬರೆದಿದ್ದಾನೆ.

3

ಇಷ್ಟೊಂದು ಸಂಚುಗಳಿಗೆ ಕಾರಣವೇನು? ಆಸ್ಥಾನಿಕರೆಲ್ಲ ದುಷ್ಟರಾಗಿದ್ದರು ಎಂಬ ಉತ್ತರ ಧಾರಾವಾಹಿಗೆ ಸಾಕಾಗಬಹುದು, ಇತಿಹಾಸಕ್ಕೆ ಸಾಲದು. ಹಿರಿಯ ಮಗನಿಗೇ ಪಟ್ಟವೆಂಬ ನಿಯಮ ಹೇಳಿಕೆಯಲ್ಲಿದ್ದರೂ ಆಚರಣೆಯಲ್ಲಿ ಗಟ್ಟಿಯಾಗಿರಲಿಲ್ಲ. ತಮ್ಮ, ಮಗ, ಅಣ್ಣನ ಮಗ ಎಲ್ಲರೂ ಹಕ್ಕುದಾರರಾಗಬಹುದಿತ್ತು. ಇತ್ತ ಅಮರನಾಯಕರು ಸೀಮೆಗಳ ಹುಟ್ಟುವಳಿಯನ್ನು ಅನುಭವಿಸುತ್ತ ಅದಕ್ಕೆ ಪ್ರತಿಯಾಗಿ ಸೈನ್ಯವನ್ನು ಸಾಕುತ್ತಿದ್ದರು. ಅರಸನ ಬಲವೆಂದರೆ ಬಹುಮಟ್ಟಿಗೆ ಇವರ ಬಲವೇ. ಮಂತ್ರಿಯ ಬಂಧುಗಳು ಗಡಿಕೋಟೆಗಳಲ್ಲಿ ಅಧಿಕಾರಿಗಳಾಗಿದ್ದರು. ತಿಮ್ಮರಸನ ಸೋದರಳಿಯ ನಾದೆಂಡ್ಲ ಗೋಪನು ಕೊಂಡವೀಡಿನಲ್ಲಿದ್ದುದನ್ನು ಶಾಸನಗಳು ತಿಳಿಸುತ್ತವೆ. ಮಂತ್ರಿಯ ನಿಷ್ಠೆ ಅರಸನಿಗೆ ಎಷ್ಟು ಅಗತ್ಯವಾಗಿತ್ತೋ ಅವನ ಬಲ ಅಷ್ಟೇ ಅಪಾಯಕರವಾಗಿತ್ತು.

ಕೃಷ್ಣದೇವರಾಯನಿಗೆ ಇದರ ಅರಿವಿತ್ತು. ಅವನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದ ರಾಜನೀತಿ ಭಾಗದಲ್ಲಿ ಕೋಟೆಗಳನ್ನು ಯಾರ ವಶಕ್ಕೆ ಕೊಡಬೇಕು, ಮಂತ್ರಿಗಳನ್ನು ಹೇಗೆ ನಡೆಸಿಕೊಳ್ಳಬೇಕು, ಬೇಹುಗಾರರನ್ನು ಹೇಗೆ ಬಳಸಬೇಕು ಎಂಬ ವಿಚಾರಗಳೇ ತುಂಬಿವೆ. ಅರಸನು ಸಂಚಿನ ಆಟದ ಹೊರಗೆ ಕುಳಿತ ತೀರ್ಪುಗಾರನಲ್ಲ. ಆ ಆಟದ ಅತಿ ಎಚ್ಚರದ ಆಟಗಾರನೇ ಅವನು.

4

ಇನ್ನು ವಿಕಟಕವಿಯ ವಿಚಾರ. ತೆನಾಲಿ ರಾಮಕೃಷ್ಣನು ‘ಪಾಂಡುರಂಗ ಮಾಹಾತ್ಮ್ಯಮು’ ಎಂಬ ಪ್ರೌಢ ಕಾವ್ಯ ಬರೆದ ತೆಲುಗು ಕವಿ. ಪೆದ್ದನನ ‘ಮನುಚರಿತ್ರ’ದಂತೆ, ನಂದಿ ತಿಮ್ಮನನ ‘ಪಾರಿಜಾತಾಪಹರಣಮು’ವಿನಂತೆ ಇದು ಕೃಷ್ಣದೇವರಾಯನಿಗೆ ಅಂಕಿತವಾಗಿಲ್ಲ, ವಿರೂರಿ ವೇದಾದ್ರಿಗೆ ಅಂಕಿತವಾಗಿದೆ. ಅವನು ಆ ಅರಸನ ಆಸ್ಥಾನದಲ್ಲಿದ್ದನೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಸಂಶಯ ಹುಟ್ಟಿರುವುದು ಸಹಜ. ತಾತಾಚಾರ್ಯ ಮನೆತನದ ಪ್ರಭಾವ ಶಿಖರ ಮುಟ್ಟಿದುದು ಅರವೀಡು ಅರಸರ ಕಾಲದಲ್ಲಿ. ಕೋಟಿಕನ್ಯಾದಾನಂ ಲಕ್ಷ್ಮೀಕುಮಾರ ತಾತಾಚಾರ್ಯನು ವೆಂಕಟಪತಿರಾಯನ ಗುರು. ಕೃಷ್ಣದೇವರಾಯನಿಂದ ವಿಶೇಷ ಗೌರವ ಪಡೆದವರು ಮಾಧ್ವ ಯತಿಗಳಾದ ವ್ಯಾಸತೀರ್ಥರು. ಎಂದರೆ, ನೂರು ವರ್ಷಗಳ ಅವಧಿಯಲ್ಲಿ ಚದುರಿದ್ದ ವ್ಯಕ್ತಿಗಳನ್ನು ಜನಪದ ನೆನಪು ಒಂದೇ ಸಭೆಯಲ್ಲಿ ಕೂರಿಸಿತು. ಇದನ್ನು ತಪ್ಪೆನ್ನುವ ಬದಲು ನೆನಪಿನ ಕೆಲಸವೆನ್ನುವುದು ಮೇಲು.

ಆ ನೆನಪು ಭಯವನ್ನು ಪೂರ್ತಿ ಅಳಿಸಿರಲಿಲ್ಲ ಎಂಬುದು ಗಮನಾರ್ಹ. ಬಾಯಿಮಾತಿನ ಕಥೆಗಳಲ್ಲಿ ಅರಸನು ರಾಮಕೃಷ್ಣನಿಗೆ ಮತ್ತೆ ಮತ್ತೆ ಮರಣದಂಡನೆ ವಿಧಿಸುತ್ತಾನೆ. ಕತ್ತಿನವರೆಗೆ ಹೂತು ಆನೆಯಿಂದ ತುಳಿಸುವ ಶಿಕ್ಷೆಯ ಕಥೆ ನಮಗೆಲ್ಲ ಗೊತ್ತಿದೆ. ದಾರಿಯಲ್ಲಿ ಬಂದ ಗೂನುಬೆನ್ನಿನ ಅಗಸನಿಗೆ, ಹೀಗೆ ನೆಲದಲ್ಲಿ ಹೂತುಕೊಂಡರೆ ಗೂನು ಹೋಗುತ್ತದೆಂದು ನಂಬಿಸಿ, ಅವನನ್ನು ಗುಂಡಿಗಿಳಿಸಿ ವಿಕಟಕವಿ ಪಾರಾಗುತ್ತಾನೆ. ಈ ನಗೆಯ ಅಡಿಯಲ್ಲಿ ಎರಡು ನಿಜಗಳಿವೆ: ಅರಸನ ಮುನಿಸಿಗೆ ಸಾವೇ ಬೆಲೆ, ಆ ಬೆಲೆಯನ್ನು ಆಸ್ಥಾನದವನು ತೆರದಿದ್ದರೆ ಬೀದಿಯವನು ತೆರಬೇಕಾಗುತ್ತದೆ. ಚರಿತ್ರೆಯ ಅಗಸ ರಾಜಕುಮಾರನನ್ನು ಉಳಿಸಿದ. ಕಥೆಯ ಅಗಸ ಆಸ್ಥಾನಿಕನ ಬದಲಿಗೆ ಗುಂಡಿಗಿಳಿದ. ಧಾರಾವಾಹಿಯ ಚೌಕಟ್ಟಿನಲ್ಲಿ ದಂಡನೆ ಬರಿಯ ಬೆದರಿಕೆಯಾಗಿ ಉಳಿಯುತ್ತದೆ. ಅದನ್ನು ಬೇರೆಯವರು ತೆರುವ ಪ್ರಸಂಗಕ್ಕೆ ಅಲ್ಲಿ ಎಡೆಯಿಲ್ಲ.

5

ಹಾಸ್ಯಪ್ರಕಾರಕ್ಕೆ ಇದು ಅನಿವಾರ್ಯವೇ? ಅಲ್ಲವೆನ್ನಲು ಹೊರಗಿನ ಒಂದು ನಿದರ್ಶನ ಸಾಕು. ಇಂಗ್ಲೆಂಡಿನ ಬಿಬಿಸಿಯಲ್ಲಿ 1983ರಿಂದ 1989ರವರೆಗೆ ನಾಲ್ಕು ಸರಣಿಗಳಾಗಿ, ಸರಣಿಗೆ ಆರರಂತೆ ಪ್ರಸಾರವಾದ ‘ಬ್ಲ್ಯಾಕ್ಯಾಡರ್’ ಕೂಡ ಆಸ್ಥಾನದ ಸಂಚುಗಾರರ ಹಾಸ್ಯವೇ. ಮೊದಲ ಸರಣಿ ಆರಂಭವಾಗುವುದು ಬಾಸ್ವರ್ತ್ ಕದನದ 1485ರಲ್ಲಿ. ಸಾಳುವ ನರಸಿಂಹನು ಪಟ್ಟವೇರಿದ ವರ್ಷವೂ ಅದೇ. ಗೆದ್ದ ಟ್ಯೂಡರ್ ಮನೆತನ ಹಿಂದಿನ ಒಬ್ಬ ಅರಸನ ಆಳ್ವಿಕೆಯನ್ನೇ ಚರಿತ್ರೆಯಿಂದ ಅಳಿಸಿಹಾಕಿತೆಂಬುದು ಅದರ ಕಲ್ಪನೆ. ಕಂತಿನಿಂದ ಕಂತಿಗೆ ಅಲ್ಲಿಯೂ ಎಲ್ಲವೂ ಮೊದಲಿನಂತಾಗುತ್ತದೆ. ಆದರೆ ಸರಣಿಯ ಕೊನೆಯಲ್ಲಿ ಸಂಚು ತನ್ನ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತದೆ. ಮೊದಲನೆಯದರಲ್ಲಿ ಇಡೀ ಆಸ್ಥಾನ ವಿಷ ಬೆರೆತ ಮದ್ಯದಿಂದ ಸಾಯುತ್ತದೆ. ಮೂರನೆಯದರಲ್ಲಿ ರಾಜಕುಮಾರ ಗುಂಡಿಗೆ ಬಲಿಯಾಗಿ ಸೇವಕನೇ ಅವನ ಸ್ಥಾನಕ್ಕೇರುತ್ತಾನೆ. ಆಸ್ಥಾನದಿಂದ ಕಂದಕಕ್ಕಿಳಿಯುವ ನಾಲ್ಕನೆಯದು ಮೊದಲನೆಯ ಮಹಾಯುದ್ಧದಲ್ಲಿ ಎಲ್ಲರ ಸಾವಿನತ್ತ ಸಾಗಿ ನಿಲ್ಲುತ್ತದೆ. ನಗೆಗೂ ಚರಿತ್ರೆಯ ಕ್ರೌರ್ಯವನ್ನು ನೆನಪಿನಲ್ಲಿಟ್ಟುಕೊಳ್ಳುವ ಶಕ್ತಿಯಿದೆ.

ನಮ್ಮಲ್ಲಿ ಈ ಕ್ರೌರ್ಯದ ನೆನಪು ಉಳಿದುದು ಬೇರೆ ಪ್ರಕಾರದಲ್ಲಿ. 1962ರ ತೆಲುಗು ಚಿತ್ರ ‘ಮಹಾಮಂತ್ರಿ ತಿಮ್ಮರುಸು’ ಮಂತ್ರಿಯ ದುರಂತವನ್ನೇ ವಸ್ತುವಾಗಿಸಿಕೊಂಡಿತು. 1970ರ ಕನ್ನಡ ಚಿತ್ರ ‘ಶ್ರೀಕೃಷ್ಣದೇವರಾಯ’ದಲ್ಲಿ ರಾಜಕುಮಾರ್ ಅರಸನಾದರೆ, ನಿರ್ದೇಶಕ ಬಿ. ಆರ್. ಪಂತುಲು ಅವರೇ ತಿಮ್ಮರಸನ ಪಾತ್ರ ವಹಿಸಿದರು. ದೊಡ್ಡ ತೆರೆ ಮಂತ್ರಿಯನ್ನು ನೆನೆಯಿತು, ಕಿರುತೆರೆ ವಿದೂಷಕನನ್ನು ನೆನೆಯಿತು. ದಕ್ಷಿಣದ ಭಾಷೆಗಳಲ್ಲಿ ಎರಡೂ ಒಂದರ ಪಕ್ಕ ಇನ್ನೊಂದು ಇದ್ದವು. ಹಿಂದೀ ಪ್ರೇಕ್ಷಕನಿಗೂ, ಅವನ ಜೊತೆ ಕುಳಿತ ಹೊರನಾಡ ಕನ್ನಡದ ಮಗುವಿಗೂ ದಕ್ಕಿದುದು ಬಹುಮಟ್ಟಿಗೆ ಎರಡನೆಯದು ಮಾತ್ರ.

6

ಇದರ ಜೊತೆಗೆ ಇನ್ನೊಂದು ನಷ್ಟವೂ ಸೇರಿಕೊಳ್ಳುತ್ತದೆ. ಆ ಆಸ್ಥಾನ ಹಲವು ಭಾಷೆಗಳದು. ಅರಸನಿಗೆ ‘ಕನ್ನಡರಾಜ್ಯರಮಾರಮಣ’ನೆಂಬ ಬಿರುದಿತ್ತು; ಅವನು ಕಾವ್ಯ ಬರೆದುದು ತೆಲುಗಿನಲ್ಲಿ; ಕುಮಾರವ್ಯಾಸನು ಬಿಟ್ಟ ಪರ್ವಗಳನ್ನು ಅವನ ಆಶ್ರಯದಲ್ಲಿ ಪೂರ್ಣಗೊಳಿಸಿದವನು ಕನ್ನಡದ ತಿಮ್ಮಣ್ಣಕವಿ. ಭಾಷೆಯ ಆಯ್ಕೆಯಲ್ಲಿಯೂ ಆಸ್ಥಾನದ ಬಲಾಬಲಗಳು ತೋರುತ್ತಿದ್ದವು. ಎಲ್ಲರೂ ಒಂದೇ ಹಿಂದಿಯಲ್ಲಿ ಮಾತನಾಡುವ ಸಭೆಯಲ್ಲಿ ಈ ಪದರ ಕಾಣದೆ ಹೋಗುತ್ತದೆ. ಇದಕ್ಕಾಗಿ ಧಾರಾವಾಹಿಯವರನ್ನು ದೂರುವುದರಲ್ಲಿ ಅರ್ಥವಿಲ್ಲ. ಅವರ ಪ್ರೇಕ್ಷಕವರ್ಗ ಬೇರೆ, ಅವರ ಕೆಲಸ ಬೇರೆ.

ನಮ್ಮ ಕೆಲಸ ಯಾವುದು ಎಂಬುದು ಮುಖ್ಯ. ಕರ್ನಾಟಕದ ಹೊರಗಿರುವ ಸಂಶೋಧಕರಿಗೆ ಇಲ್ಲಿ ಒಂದು ಅನುಕೂಲವಿದೆ. ಹೈದರಾಬಾದಿನಲ್ಲಿರುವವರಿಗೆ ತೆಲುಗು ಪಾಠಗಳು, ಚೆನ್ನೈಯಲ್ಲಿರುವವರಿಗೆ ತಮಿಳು ಪಾಠಗಳು, ಮುಂಬಯಿ ದೆಹಲಿಗಳಲ್ಲಿರುವವರಿಗೆ ಹಿಂದೀ ರೂಪಾಂತರಗಳು ಕೈಗೆಟುಕುವಷ್ಟು ಹತ್ತಿರದಲ್ಲಿವೆ. ತೆನಾಲಿ ಕಥೆಗಳ ಈ ಎಲ್ಲ ರೂಪಗಳನ್ನು ಒಂದೆಡೆ ಇರಿಸಿ, ಯಾವ ಭಾಷೆಯಲ್ಲಿ ದಂಡನೆ ಉಳಿಯಿತು, ಯಾವುದರಲ್ಲಿ ಕ್ಷಮೆಯಾಯಿತು, ಅಗಸನ ಗತಿ ಎಲ್ಲಿ ಏನಾಯಿತು ಎಂದು ಪರಿಶೀಲಿಸುವುದು ಸಾರ್ಥಕವಾದ ಅಧ್ಯಯನವಾದೀತು. ನಗೆಯನ್ನು ಮಕ್ಕಳಿಂದ ಕಸಿದುಕೊಳ್ಳಬೇಕಾಗಿಲ್ಲ. ತಾತಾಚಾರ್ಯನ ಸಂಚು ನೋಡಿ ನಕ್ಕ ಮಗುವಿಗೆ ತಿಮ್ಮರಸನ ಕಥೆಯನ್ನೂ ಹೇಳುವವರು ಆ ಮನೆಯಲ್ಲಿ ಒಬ್ಬರಿರಬೇಕು. ಅವರಿಗೆ ಬೇಕಾದ ಸಾಮಗ್ರಿಯನ್ನು ಒದಗಿಸುವ ಹೊಣೆ ನಮ್ಮದು.