‘ಸ್ಯಾಂಕ್ಷನ್’: ಪದ ಒಂದೇ, ವಿರುದ್ಧಪದ ಎರಡು ಬಗೆ

ಇಂಗ್ಲಿಷಿನ ‘ಸ್ಯಾಂಕ್ಷನ್’ ಕ್ರಿಯಾಪದಕ್ಕೆ ಮುಖ್ಯವಾಗಿ ಎರಡು ಅರ್ಥಗಳಿವೆ. ಒಂದು, ಅಧಿಕೃತವಾಗಿ ಮಂಜೂರು ಮಾಡುವುದು. ಇನ್ನೊಂದು, ನಿರ್ಬಂಧ ಹೇರಿ ದಂಡಿಸುವುದು. ಇವೆರಡೂ ತದ್ವಿರುದ್ಧ ದಿಕ್ಕಿನವಾದ ಕಾರಣ, ಅರ್ಥವನ್ನು ಗೊತ್ತುಪಡಿಸಿಕೊಳ್ಳದೆ ಇದರ ವಿರುದ್ಧಪದವನ್ನು ಹೇಳಲಾಗದು.

ಪದದ ಮೂಲ ಲ್ಯಾಟಿನ್. ಶಾಸನವನ್ನು ಉಲ್ಲಂಘಿಸಲಾಗದಂತೆ ಸ್ಥಿರಪಡಿಸುವುದು ಅದರ ಆಶಯ. ಶಾಸನಕ್ಕೆ ಅಂಗೀಕಾರವೂ ಬೇಕು, ಮೀರಿದವರಿಗೆ ಶಿಕ್ಷೆಯೂ ಬೇಕು. ಎರಡು ಅರ್ಥಗಳೂ ಕವಲೊಡೆದದ್ದು ಇಲ್ಲಿಂದಲೇ.

ಮಂಜೂರಾತಿಯ ಅರ್ಥ: ಇಲ್ಲಿ ವಿರುದ್ಧಪದಗಳು ‘ರಿಫ್ಯೂಸ್’ (ನಿರಾಕರಿಸು), ‘ರಿಜೆಕ್ಟ್’ (ತಿರಸ್ಕರಿಸು), ‘ಪ್ರಾಹಿಬಿಟ್’ (ನಿಷೇಧಿಸು). ಕೊಟ್ಟ ಮಂಜೂರಾತಿಯನ್ನು ಹಿಂಪಡೆದರೆ ಅದು ‘ರಿವೋಕ್’. ಬ್ಯಾಂಕ್ ಸಾಲದ ‘ಸ್ಯಾಂಕ್ಷನ್’ ಈ ಬಗೆಯದು. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಸರ್ಕಾರಿ ನೌಕರರ ವಿಚಾರಣೆಗೆ ಬೇಕಾಗುವ ಪೂರ್ವಾನುಮತಿಯೂ ‘ಸ್ಯಾಂಕ್ಷನ್’. ಅದನ್ನು ದಂಡನೆ ಎಂದು ತಿಳಿದರೆ, ವಿಚಾರಣೆ ಆರಂಭವಾಗುವ ಮುನ್ನವೇ ನೌಕರನಿಗೆ ಶಿಕ್ಷೆಯಾಯಿತೆಂಬ ತಪ್ಪು ಸುದ್ದಿ ಹುಟ್ಟುತ್ತದೆ.

ದಂಡನೆಯ ಅರ್ಥ: ಇಲ್ಲಿ ವಿರುದ್ಧಪದಗಳು ‘ಎಕ್ಸೆಂಪ್ಟ್’ (ವಿನಾಯಿತಿ ನೀಡು), ‘ರಿವಾರ್ಡ್’ (ಪುರಸ್ಕರಿಸು). ಹೇರಿದ ನಿರ್ಬಂಧವನ್ನು ತೆರವುಗೊಳಿಸುವುದಕ್ಕೆ ‘ಲಿಫ್ಟ್’ ಬಳಕೆಯಲ್ಲಿದೆ. ಈ ಅರ್ಥದಲ್ಲಿ ‘ಅಪ್ರೂವ್’ ಸಮಾನಾರ್ಥಕವಾಗುವುದಿಲ್ಲ.

ಒಂದೇ ಯೋಜನೆಗೆ ಎರಡೂ ಅರ್ಥ ಅನ್ವಯಿಸಿದ ನಿದರ್ಶನ ಬೆಂಗಳೂರಿನಲ್ಲಿಯೇ ಇದೆ. ಲಘು ಯುದ್ಧ ವಿಮಾನ ಯೋಜನೆಯನ್ನು ಕೇಂದ್ರ ಸರ್ಕಾರ 1983ರಲ್ಲಿ ‘ಸ್ಯಾಂಕ್ಷನ್’ ಮಾಡಿತು, ಅಂದರೆ ಒಪ್ಪಿಗೆ ನೀಡಿತು. 1998ರ ಮೇ ತಿಂಗಳ ಪೋಖ್ರಾನ್ ಅಣುಪರೀಕ್ಷೆಯ ಬಳಿಕ ಅಮೆರಿಕ ಭಾರತವನ್ನು ‘ಸ್ಯಾಂಕ್ಷನ್’ ಮಾಡಿತು, ಅಂದರೆ ನಿರ್ಬಂಧ ವಿಧಿಸಿತು. ಹಾರಾಟ ನಿಯಂತ್ರಣ ವ್ಯವಸ್ಥೆಗೆ ದೊರೆಯುತ್ತಿದ್ದ ಅಮೆರಿಕದ ಸಹಕಾರ ನಿಂತುಹೋಯಿತು. ಆದರೂ 2001ರ ಜನವರಿ 4ರಂದು ವಿಮಾನ ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿತು. ಪರೀಕ್ಷೆಯ ನಂತರದ ನಿರ್ಬಂಧಗಳನ್ನು ಅಮೆರಿಕ ತೆರವುಗೊಳಿಸಿದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. 2003ರಲ್ಲಿ ಆ ವಿಮಾನಕ್ಕೆ ‘ತೇಜಸ್’ ಎಂಬ ಹೆಸರಿಡಲಾಯಿತು.

ಅರ್ಥ ನಿರ್ಧರಿಸಲು ಕರ್ಮಪದವನ್ನು ಗಮನಿಸುವುದು ಸುಲಭೋಪಾಯ. ಸಾಲ, ಹುದ್ದೆ, ರಜೆ, ಕಾಮಗಾರಿ ಮುಂತಾದವು ಕರ್ಮವಾಗಿದ್ದರೆ ಬಹುತೇಕ ಮಂಜೂರಾತಿ. ದೇಶ, ಕಂಪನಿ ಅಥವಾ ವ್ಯಕ್ತಿ ಕರ್ಮವಾಗಿದ್ದರೆ ಬಹುತೇಕ ದಂಡನೆ. ನಾಮಪದದಲ್ಲಿ ‘ಸ್ಯಾಂಕ್ಷನ್ಸ್’ ಎಂಬ ಬಹುವಚನ ಸಾಮಾನ್ಯವಾಗಿ ನಿರ್ಬಂಧವನ್ನೇ ಸೂಚಿಸುತ್ತದೆ. ಕ್ರಿಯಾಪದದಲ್ಲಿ ಆ ಸುಳಿವು ಸಿಗದಿರುವುದರಿಂದ ಪೂರ್ಣ ವಾಕ್ಯವನ್ನು ಓದಿಯೇ ವಿರುದ್ಧಪದವನ್ನು ಆಯ್ದುಕೊಳ್ಳುವುದು ಕ್ಷೇಮ.