ವೇಲ್ಸ್‌ನ ರಿಲ್ ನಿಜಕ್ಕೂ 'ಡೇಂಜರಸ್' ಊರಾ? ಅಪರಾಧ ದರ ಓದುವುದು ಹೇಗೆ

ವೇಲ್ಸ್‌ನ ಉತ್ತರ ಕರಾವಳಿಯಲ್ಲಿ ರಿಲ್ ಅಂತ ಒಂದು ಊರಿದೆ. ಜನಸಂಖ್ಯೆ 25 ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ನಮ್ಮ ಲೆಕ್ಕದಲ್ಲಿ ಒಂದು ಪುರಸಭೆಯಷ್ಟು ಊರು. ಬ್ರಿಟನ್ನಿನಲ್ಲಿ ಇಂಥ ಬಡ ಕರಾವಳಿ ಊರುಗಳ ಮೇಲೆ 'ಅತ್ಯಂತ ಅಪಾಯಕಾರಿ ಪಟ್ಟಣ' ಅನ್ನುವ ಹಣೆಪಟ್ಟಿ ಬೇಗ ಬೀಳುತ್ತೆ. ಯಾವುದೋ ವೆಬ್‌ಸೈಟ್ ಸಾವಿರ ಜನಕ್ಕೆ ಇಷ್ಟು ಅಪರಾಧ ಅಂತ ಒಂದು ಅಂಕಿ ಹಾಕುತ್ತೆ, ಪಕ್ಕದಲ್ಲಿ ಕೆಂಪು ಬಣ್ಣ ಬಳಿಯುತ್ತೆ. ಮುಗೀತು.

ಬ್ಯಾಂಗರ್, ರೆಕ್ಸಮ್, ಅಬೆರಿಸ್ಟ್‌ವಿತ್‌ನ ಯೂನಿವರ್ಸಿಟಿಗಳಿಗೆ ಅರ್ಜಿ ಹಾಕುವ ನಮ್ಮ ಹುಡುಗ ಹುಡುಗಿಯರು, ಅವರಿಗಿಂತ ಮೊದಲು ಅವರ ಅಪ್ಪ ಅಮ್ಮ, ಗೂಗಲ್ ಮಾಡುವುದು ಇದನ್ನೇ: ಆ ಊರು ಸೇಫಾ? ಆ ಪ್ರಶ್ನೆ ಸರಿಯಾಗಿದೆ. ಉತ್ತರವನ್ನು ಒಂದೇ ಅಂಕಿಯಲ್ಲಿ ಹುಡುಕುವುದು ಸರಿಯಲ್ಲ. ಅಪರಾಧ ದರ ಅನ್ನುವುದು ಒಂದು ಭಿನ್ನರಾಶಿ. ಮೇಲೊಂದು ಅಂಶ, ಕೆಳಗೊಂದು ಛೇದ. ಎರಡನ್ನೂ ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ. ರಿಲ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡು ಆ ತೀರ್ಮಾನಗಳನ್ನು ಒಂದೊಂದಾಗಿ ನೋಡೋಣ.

ರಿಲ್ ಎಂಥ ಊರು?

1848ರಲ್ಲಿ ಚೆಸ್ಟರ್ ಕಡೆಯಿಂದ ಕರಾವಳಿಗುಂಟ ರೈಲು ಬಂತು. ಲಿವರ್‌ಪೂಲ್, ಮ್ಯಾಂಚೆಸ್ಟರ್‌ಗಳ ಕಾರ್ಖಾನೆ ಕೆಲಸಗಾರರಿಗೆ ರಜೆಯ ಊರಾಗಿ ರಿಲ್ ಬೆಳೀತು. 1867ರಲ್ಲಿ ಸಮುದ್ರದೊಳಕ್ಕೆ ಚಾಚಿದ ಪಿಯರ್ ಕಟ್ಟಿದರು. ಪ್ರವಾಸಿಗರಿಗಾಗಿ ಮೂರು ನಾಲ್ಕು ಮಹಡಿಯ ಸಾಲುಮನೆಗಳು ಎದ್ದವು. ಜಗತ್ತಿನ ಮೊದಲ ಪ್ಯಾಸೆಂಜರ್ ಹೋವರ್‌ಕ್ರಾಫ್ಟ್ ಸೇವೆ 1962ರಲ್ಲಿ ಶುರುವಾಗಿದ್ದು ಇಲ್ಲಿಂದಲೇ, ರಿಲ್‌ನಿಂದ ವಾಲಸಿಗೆ.

ಆಮೇಲೆ ಅಗ್ಗದ ವಿಮಾನ ಪ್ರವಾಸ ಬಂತು. ಅದೇ ದುಡ್ಡಿಗೆ ಸ್ಪೇನಿನ ಬಿಸಿಲು ಸಿಗುವಾಗ ಐರಿಶ್ ಸಮುದ್ರದ ಚಳಿಗಾಳಿ ಯಾರಿಗೆ ಬೇಕು? ಪಿಯರ್ 1973ರಲ್ಲಿ ನೆಲಸಮವಾಯಿತು. ಓಷನ್ ಬೀಚ್ ಅಮ್ಯೂಸ್‌ಮೆಂಟ್ ಪಾರ್ಕ್ 2007ರಲ್ಲಿ ಬಾಗಿಲು ಹಾಕಿತು. ಪ್ರವಾಸಿಗರಿಲ್ಲದ ಆ ದೊಡ್ಡ ಗೆಸ್ಟ್‌ಹೌಸ್‌ಗಳನ್ನು ಮಾಲೀಕರು ಸಣ್ಣ ಸಣ್ಣ ರೂಮುಗಳಾಗಿ ಒಡೆದು ಬಾಡಿಗೆಗೆ ಕೊಟ್ಟರು. ಅಡುಗೆಮನೆ, ಬಚ್ಚಲು ಹಂಚಿಕೊಂಡು ಬದುಕುವ, ಬೇರೆ ಕಡೆ ಮನೆ ಸಿಗದ ಜನ ಅಲ್ಲಿ ಬಂದು ಸೇರಿದರು.

ವೇಲ್ಸ್ ಸರ್ಕಾರ ಇಡೀ ದೇಶವನ್ನು ಸುಮಾರು 1,900 ಸಣ್ಣ ಪ್ರದೇಶಗಳಾಗಿ ವಿಂಗಡಿಸಿ ಹಿಂದುಳಿದಿರುವಿಕೆಯ ಸೂಚ್ಯಂಕ ತಯಾರಿಸುತ್ತೆ. ಆದಾಯ, ಉದ್ಯೋಗ, ಆರೋಗ್ಯ, ಶಿಕ್ಷಣ, ವಸತಿ, ಸಮುದಾಯ ಸುರಕ್ಷತೆ ಸೇರಿ ಎಂಟು ವಿಷಯಗಳ ಲೆಕ್ಕ ಅದು. 2019ರ ಪಟ್ಟಿಯಲ್ಲಿ ಅತ್ಯಂತ ಹಿಂದುಳಿದ ಪ್ರದೇಶವಾಗಿ ಮೊದಲ ಸ್ಥಾನದಲ್ಲಿದ್ದದ್ದು 'ರಿಲ್ ವೆಸ್ಟ್ 2'. ಆ ಹೆಸರು ಸೂಚಿಸುವುದು ಕೆಲವೇ ಬೀದಿಗಳ ಒಂದು ತುಣುಕನ್ನು, ಇಡೀ ರಿಲ್ ಅನ್ನಲ್ಲ. ಇದನ್ನು ಈಗಲೇ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅಂಶ: ಏನನ್ನು ಎಣಿಸುತ್ತಿದ್ದೇವೆ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಪರಾಧ ಅಳೆಯಲು ಎರಡು ಸಾಧನಗಳಿವೆ. ಒಂದು, ಪೊಲೀಸರು ದಾಖಲಿಸಿದ ಪ್ರಕರಣಗಳು. ಇನ್ನೊಂದು, 1982ರಿಂದ ನಡೆಯುತ್ತಿರುವ ಕ್ರೈಮ್ ಸರ್ವೇ. ಸರ್ವೇಯವರು ಮನೆಮನೆಗೆ ಹೋಗಿ ಕಳೆದ ಒಂದು ವರ್ಷದಲ್ಲಿ ನಿಮಗೆ ಏನಾದರೂ ಆಯಿತಾ ಅಂತ ಕೇಳುತ್ತಾರೆ. ಪೊಲೀಸರಿಗೆ ದೂರು ಕೊಡದ ಘಟನೆಗಳೂ ಅದರಲ್ಲಿ ಸಿಗುತ್ತವೆ.

ಎರಡೂ ಒಂದೇ ಕಥೆ ಹೇಳುವುದಿಲ್ಲ. ಸರ್ವೇ ಪ್ರಕಾರ ಕಳ್ಳತನ, ಹಿಂಸೆಯಂಥ ಸಾಂಪ್ರದಾಯಿಕ ಅಪರಾಧಗಳು 1995ರಲ್ಲಿ ತುತ್ತತುದಿ ಮುಟ್ಟಿ, ಆಮೇಲೆ ಭಾರೀ ಪ್ರಮಾಣದಲ್ಲಿ ಇಳಿದಿವೆ. ಪೊಲೀಸ್ ದಾಖಲೆಯಲ್ಲಿ ಮಾತ್ರ 2014ರ ನಂತರ ಹಿಂಸಾಚಾರದ ಸಂಖ್ಯೆ ಜಿಗಿದಿದೆ. ಯಾಕೆ?

2014ರಲ್ಲಿ ಪೊಲೀಸ್ ವ್ಯವಸ್ಥೆಯ ಮೇಲ್ವಿಚಾರಣೆ ಮಾಡುವ ಇನ್‌ಸ್ಪೆಕ್ಟೊರೇಟ್ ಒಂದು ವರದಿ ಕೊಟ್ಟಿತು. ಠಾಣೆಗೆ ಬಂದ ಅಪರಾಧಗಳಲ್ಲಿ 19 ಪರ್ಸೆಂಟ್ ದಾಖಲೆಗೇ ಹೋಗುತ್ತಿರಲಿಲ್ಲ. ಹಿಂಸಾಚಾರದಲ್ಲಿ 33 ಪರ್ಸೆಂಟ್, ಲೈಂಗಿಕ ಅಪರಾಧಗಳಲ್ಲಿ 26 ಪರ್ಸೆಂಟ್. ಅದೇ ವರ್ಷದ ಜನವರಿಯಲ್ಲಿ ಪೊಲೀಸ್ ಅಂಕಿಅಂಶಗಳು 'ರಾಷ್ಟ್ರೀಯ ಅಂಕಿಅಂಶ' ಅನ್ನುವ ಅಧಿಕೃತ ಮುದ್ರೆಯನ್ನೇ ಕಳೆದುಕೊಂಡಿದ್ದವು. ಬೈಸಿಕೊಂಡ ಪೊಲೀಸರು ಸರಿಯಾಗಿ ಬರೆಯಲು ಶುರು ಮಾಡಿದರು. ಹಾಗಾಗಿ ಸಂಖ್ಯೆ ಏರಿತು.

ಇಂಜಿನಿಯರಿಂಗ್ ಲ್ಯಾಬಿನಲ್ಲಿ ಮೊದಲ ವರ್ಷವೇ ಕಲಿಸುವ ಪಾಠ ಇದು. ಸೆನ್ಸರ್ ಬದಲಾದರೆ ರೀಡಿಂಗ್ ಬದಲಾಗುತ್ತೆ. ರೀಡಿಂಗ್ ಏರಿದ ಮಾತ್ರಕ್ಕೆ ಬಿಸಿ ಏರಿದೆ ಅನ್ನುವಂತಿಲ್ಲ.

ಇನ್ನೊಂದು ಗೊಂದಲ ವರ್ಗೀಕರಣದ್ದು. ಸಾರ್ವಜನಿಕರಿಗಾಗಿ ಇರುವ ಪೊಲೀಸ್ ಡಾಟ್ ಯುಕೆ ವೆಬ್‌ಸೈಟಿನಲ್ಲಿ 'ಹಿಂಸೆ ಮತ್ತು ಲೈಂಗಿಕ ಅಪರಾಧ' ಅಂತ ಒಂದೇ ಡಬ್ಬಿ ಇದೆ. ಕೊಲೆ, ಅತ್ಯಾಚಾರ, ಗಾಯವಾಗದ ತಳ್ಳಾಟ, ಫೋನಿನಲ್ಲಿ ಕಳಿಸಿದ ಬೆದರಿಕೆ ಮೆಸೇಜ್ ಎಲ್ಲವೂ ಅದರೊಳಗೇ. ಜೊತೆಗೆ 'ಆ್ಯಂಟಿ ಸೋಶಿಯಲ್ ಬಿಹೇವಿಯರ್' ಅನ್ನುವ ವರ್ಗ. ರಾತ್ರಿ ಗಲಾಟೆ, ಕುಡಿದು ಕೂಗಾಟ, ಅಕ್ಕಪಕ್ಕದವರ ಜಗಳ. ಇವು ಪೊಲೀಸರ ಅಪರಾಧ ಪಟ್ಟಿಯೊಳಗೆ ಬರುವುದಿಲ್ಲ, ಬರೀ 'ಘಟನೆ'ಗಳು. ಇವನ್ನೂ ಸೇರಿಸಿ 'ಒಟ್ಟು ಅಪರಾಧ' ಅಂತ ತೋರಿಸಿದರೆ ಊರಿನ ದರ ಸಹಜವಾಗಿ ಉಬ್ಬುತ್ತೆ.

ಛೇದ: ಯಾರಿಂದ ಭಾಗಿಸುತ್ತಿದ್ದೇವೆ?

ದರ ಲೆಕ್ಕ ಹಾಕುವಾಗ ಭಾಗಿಸುವುದು ಆ ಊರಿನ ಕಾಯಂ ನಿವಾಸಿಗಳ ಸಂಖ್ಯೆಯಿಂದ. ಅಪರಾಧ ನಡೆಯುವುದು ಮಾತ್ರ ಆ ಹೊತ್ತಿಗೆ ಅಲ್ಲಿ ಇರುವವರೆಲ್ಲರ ನಡುವೆ.

ಬೇಸಿಗೆಯಲ್ಲಿ ರಿಲ್‌ಗೆ ದಿನದ ಪ್ರವಾಸಿಗರು ಬರುತ್ತಾರೆ. ಸುತ್ತಮುತ್ತ ಕ್ಯಾರವಾನ್ ಪಾರ್ಕ್‌ಗಳಿವೆ. ಅಕ್ಕಪಕ್ಕದ ಊರಿನವರು ಅಂಗಡಿಗೆ, ಪಬ್‌ಗೆ ಬರುವುದೂ ಇಲ್ಲಿಗೇ. ಅವರಲ್ಲಿ ಯಾರದೋ ಪರ್ಸ್ ಕಳುವಾದರೆ ಅಂಶಕ್ಕೆ ಒಂದು ಸೇರುತ್ತೆ. ಛೇದದಲ್ಲಿ ಅವರ ಲೆಕ್ಕವೇ ಇಲ್ಲ.

ಒಂದು ಕಲ್ಪಿತ ಲೆಕ್ಕ ಮಾಡೋಣ. ಊರಿನ ನಡುಭಾಗದ ಒಂದು ಪ್ರದೇಶದಲ್ಲಿ 1,500 ಜನ ವಾಸ ಇದ್ದಾರೆ. ವರ್ಷಕ್ಕೆ 300 ಘಟನೆ. ಸಾವಿರಕ್ಕೆ 200 ಆಯಿತು. ಈಗ ಆ 300ರಲ್ಲಿ 150 ಸೂಪರ್‌ಮಾರ್ಕೆಟ್ ಕಳ್ಳತನ, 60 ಪಬ್ ಮುಂದಿನ ಗಲಾಟೆ ಅಂದುಕೊಳ್ಳಿ. ಉಳಿದದ್ದು 90, ಅಂದರೆ ಸಾವಿರಕ್ಕೆ 60. ಅಲ್ಲೇ ಮಹಡಿ ಮೇಲೆ ವಾಸ ಇರುವ ಅಜ್ಜಿಯ ಪಾಲಿಗೆ 200 ಮತ್ತು 60ರ ನಡುವಿನ ವ್ಯತ್ಯಾಸ ತುಂಬಾ ದೊಡ್ಡದು.

ಸಣ್ಣ ಊರುಗಳಿಗೆ ಇನ್ನೊಂದು ತಾಪತ್ರಯವಿದೆ. 2,000 ಜನರ ಹಳ್ಳಿಯಲ್ಲಿ ಒಂದು ಕೊಲೆಯಾದರೆ ಆ ವರ್ಷ ಅಲ್ಲಿನ ದರ ಲಕ್ಷಕ್ಕೆ 50. ಇಡೀ ಇಂಗ್ಲೆಂಡ್ ಮತ್ತು ವೇಲ್ಸ್‌ನ ದರ ಲಕ್ಷಕ್ಕೆ ಸುಮಾರು ಒಂದು. ಹಾಗಂತ ಆ ಹಳ್ಳಿ 50 ಪಟ್ಟು ಅಪಾಯಕಾರಿ ಆಗಿಬಿಟ್ಟಿತಾ? ಮುಂದಿನ ವರ್ಷ ಅದೇ ದರ ಸೊನ್ನೆಗೆ ಬರುತ್ತೆ. ಸಣ್ಣ ಛೇದದ ಮೇಲೆ ಒಂದೇ ವರ್ಷದ ದರ ನಂಬಬೇಡಿ. ಕನಿಷ್ಠ ಐದು ವರ್ಷದ ಸರಾಸರಿ ನೋಡಿ.

ಮ್ಯಾಪಿನ ಮೇಲಿನ ಚುಕ್ಕಿ

2011ರಿಂದ ಬ್ರಿಟನ್ನಿನಲ್ಲಿ ಬೀದಿವಾರು ಅಪರಾಧದ ಮ್ಯಾಪ್ ಎಲ್ಲರಿಗೂ ಮುಕ್ತವಾಗಿದೆ. ಪಾರದರ್ಶಕತೆಯ ದೃಷ್ಟಿಯಿಂದ ಇದು ಒಳ್ಳೆಯ ಕೆಲಸ. ನಮ್ಮಲ್ಲಿ ಇಂಥದ್ದಿಲ್ಲ. ಆದರೆ ಚುಕ್ಕಿ ಇರುವ ಜಾಗದಲ್ಲೇ ಅಪರಾಧ ನಡೆದಿದೆ ಅಂತ ತಿಳಿಯಬಾರದು. ಸಂತ್ರಸ್ತರ ಗುರುತು ಸಿಗದಿರಲಿ ಅಂತ ಪ್ರತಿ ಘಟನೆಯನ್ನೂ ಮೊದಲೇ ಗೊತ್ತುಮಾಡಿದ ಹತ್ತಿರದ ಒಂದು ಬಿಂದುವಿಗೆ ಸರಿಸಿರುತ್ತಾರೆ. ಆ ಬಿಂದುವಿನ ಸುತ್ತ ಒಂದೋ ಕನಿಷ್ಠ ಎಂಟು ವಿಳಾಸ ಇರಬೇಕು, ಇಲ್ಲವೇ ಪಾರ್ಕಿಂಗ್ ಜಾಗದಂತೆ ಒಂದೂ ಮನೆ ಇರಬಾರದು. ಮ್ಯಾಪ್ ನೋಡಿ 'ಈ ಬೀದಿಯಲ್ಲಿ ಮನೆ ಬೇಡ' ಅನ್ನುವವರು ಈ ಮಾತನ್ನು ಗಮನಿಸುವುದೇ ಇಲ್ಲ.

ಹಾಗಾದರೆ ಸಮಸ್ಯೆಯೇ ಇಲ್ಲವಾ?

ಇದೆ. ಅಂಕಿ ತಿರುಚಿಕೊಂಡಿದೆ ಅಂದರೆ ನೋವು ಸುಳ್ಳು ಅಂತಲ್ಲ.

'ಕೌಂಟಿ ಲೈನ್ಸ್' ಅನ್ನುವ ಡ್ರಗ್ಸ್ ಜಾಲ ಉತ್ತರ ವೇಲ್ಸ್ ಕರಾವಳಿಯನ್ನು ನಿಜಕ್ಕೂ ಕಾಡಿದೆ. ಮರ್ಸಿಸೈಡ್, ಮ್ಯಾಂಚೆಸ್ಟರ್ ಕಡೆಯ ಗ್ಯಾಂಗ್‌ಗಳು ರೈಲು ಮತ್ತು ಎ55 ಹೆದ್ದಾರಿ ಹಿಡಿದು ಸಣ್ಣ ಊರುಗಳಿಗೆ ಮಾಲು ತಲುಪಿಸುತ್ತವೆ. ಆರ್ಡರ್ ತೆಗೆದುಕೊಳ್ಳಲು ಬಳಸುವ ಮೊಬೈಲ್ ಲೈನಿನಿಂದಲೇ ಈ ಹೆಸರು. ಸಾಗಿಸಲು ಹದಿಹರೆಯದ ಮಕ್ಕಳನ್ನು ಬಳಸುತ್ತಾರೆ. ಊರಿನಲ್ಲಿ ಒಂಟಿಯಾಗಿರುವ, ಮಾನಸಿಕ ಕಾಯಿಲೆ ಇಲ್ಲವೇ ಚಟಕ್ಕೆ ಸಿಕ್ಕವರ ರೂಮು ಹೊಕ್ಕು, ಅದನ್ನೇ ಅಡ್ಡೆ ಮಾಡಿಕೊಳ್ಳುತ್ತಾರೆ. ಕೋಗಿಲೆ ಕಾಗೆಯ ಗೂಡಲ್ಲಿ ಮೊಟ್ಟೆ ಇಟ್ಟ ಹಾಗೆ. ಅಲ್ಲಿನವರೂ ಇದನ್ನು ಕೋಗಿಲೆಯ ಹೆಸರಿನಿಂದಲೇ ಕರೆಯುತ್ತಾರೆ. ಹಳೇ ಗೆಸ್ಟ್‌ಹೌಸ್ ಒಡೆದು ಮಾಡಿದ ರೂಮುಗಳು ಇಂಥವರಿಗೆ ಹೇಳಿ ಮಾಡಿಸಿದ ಜಾಗ.

ಇನ್ನೊಂದು ಸತ್ಯ ಮನೆಯೊಳಗಿನದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸರು ದಾಖಲಿಸುವ ಹಿಂಸಾ ಪ್ರಕರಣಗಳಲ್ಲಿ ಸುಮಾರು ಮೂರನೇ ಒಂದು ಭಾಗ ಕೌಟುಂಬಿಕ ದೌರ್ಜನ್ಯಕ್ಕೆ ಸಂಬಂಧಿಸಿದ್ದು. ಪ್ರವಾಸಿ ಹೆದರುವುದು ಕತ್ತಲ ಬೀದಿಗೆ. ಅಲ್ಲಿನ ಎಷ್ಟೋ ಹೆಂಗಸರಿಗೆ ಅಪಾಯ ಇರುವುದು ಬಾಗಿಲು ಹಾಕಿಕೊಂಡ ಮೇಲೆ.

'ಡೇಂಜರಸ್ ಊರು' ಅನ್ನುವ ಹಣೆಪಟ್ಟಿಯ ನಿಜವಾದ ಅನ್ಯಾಯ ಇಲ್ಲಿದೆ. ಅದು ಕೆಲವು ಬೀದಿಗಳ ಕಷ್ಟವನ್ನು ಇಡೀ ಊರಿಗೆ ಹಚ್ಚುತ್ತೆ. ಅದೇ ಹೊತ್ತಿಗೆ ಆ ಕೆಲವು ಬೀದಿಗಳಲ್ಲಿ ಅಪರಾಧಕ್ಕೆ ಅತಿ ಹೆಚ್ಚು ಬಲಿಯಾಗುವವರನ್ನು, ಅಂದರೆ ಅಲ್ಲಿನ ಬಡ ಬಾಡಿಗೆದಾರರನ್ನೇ, ಅಪಾಯದ ಮೂಲ ಅನ್ನುವಂತೆ ತೋರಿಸುತ್ತೆ. ಅಂಗಡಿ ಹಾಕುವವರು ಹಿಂದೇಟು ಹಾಕುತ್ತಾರೆ, ಕೆಲಸ ಹೋಗುತ್ತೆ, ರೂಮು ಇನ್ನೂ ಅಗ್ಗವಾಗುತ್ತೆ.

ಜವಾಬ್ದಾರಿ ಯಾರದ್ದು?

ಭಾರತದಲ್ಲಿ ಪೊಲೀಸ್ ರಾಜ್ಯದ ವಿಷಯ. ವೇಲ್ಸ್‌ನಲ್ಲಿ ಉಲ್ಟಾ. ವಸತಿ, ಆರೋಗ್ಯ, ಶಿಕ್ಷಣ ಕಾರ್ಡಿಫ್‌ನ ವೇಲ್ಸ್ ಸರ್ಕಾರದ ಕೈಯಲ್ಲಿ. ಪೊಲೀಸ್, ಕೋರ್ಟು, ಜೈಲು ಲಂಡನ್ನಿನ ಕೈಯಲ್ಲಿ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗೆ ಪೊಲೀಸ್ ಅಧಿಕಾರ ಸಿಕ್ಕಿದೆ, ವೇಲ್ಸ್‌ಗೆ ಸಿಕ್ಕಿಲ್ಲ. ಅಧಿಕಾರ ಕೊಡಿ ಅಂತ ಲಾರ್ಡ್ ಥಾಮಸ್ ಆಯೋಗ 2019ರಲ್ಲಿ ಶಿಫಾರಸು ಮಾಡಿತು. ಲಂಡನ್ ಒಪ್ಪಲಿಲ್ಲ.

ಇದರ ಪರಿಣಾಮ ರಿಲ್‌ನಲ್ಲಿ ಕಾಣುತ್ತೆ. ಡ್ರಗ್ಸ್ ಕೇಸು ಹಾಕುವ ನಾರ್ತ್ ವೇಲ್ಸ್ ಪೊಲೀಸರು ಬ್ರಿಟನ್ ಗೃಹ ಇಲಾಖೆಯ ವ್ಯವಸ್ಥೆಯೊಳಗೆ ಬರುತ್ತಾರೆ. ಚಟ ಬಿಡಿಸುವ ಚಿಕಿತ್ಸೆ, ಬಾಡಿಗೆ ಮನೆಯ ಕಾನೂನು ಕಾರ್ಡಿಫ್‌ಗೆ ಸೇರಿದ್ದು. 2010ರಿಂದ 2019ರ ನಡುವೆ ಲಂಡನ್ನಿನ ಮಿತವ್ಯಯ ನೀತಿಯ ಕಾಲದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 20 ಸಾವಿರ ಪೊಲೀಸರು ಕಡಿಮೆಯಾದರು. ತನ್ನ ಅಧಿಕಾರವೇ ಅಲ್ಲದಿದ್ದರೂ ವೇಲ್ಸ್ ಸರ್ಕಾರ 2011ರಲ್ಲಿ 500 ಹೆಚ್ಚುವರಿ ಸಮುದಾಯ ಸಹಾಯಕ ಅಧಿಕಾರಿಗಳಿಗೆ ದುಡ್ಡು ಕೊಡಲು ಮುಂದಾಗಿತ್ತು.

ಉಸ್ತುವಾರಿಗೆ ಅಂತ 2012ರಿಂದ ಜನರೇ ಆರಿಸುವ ಪೊಲೀಸ್ ಮತ್ತು ಕ್ರೈಮ್ ಕಮಿಷನರ್ ಇದ್ದಾರೆ. ಮೊದಲ ಚುನಾವಣೆಯಲ್ಲಿ ಮತ ಹಾಕಿದವರು ಬರೀ 15 ಪರ್ಸೆಂಟ್ ಆಸುಪಾಸು. ಈ ಹುದ್ದೆಯನ್ನು 2028ರಲ್ಲಿ ರದ್ದು ಮಾಡುವುದಾಗಿ ಬ್ರಿಟನ್ ಸರ್ಕಾರ 2025ರ ನವೆಂಬರ್‌ನಲ್ಲಿ ಘೋಷಿಸಿದೆ. ರಿಲ್‌ನ ಬಾಡಿಗೆದಾರ ಯಾರ ಕೊರಳಪಟ್ಟಿ ಹಿಡಿದು ಕೇಳಬೇಕು ಅನ್ನುವುದು ಹಾಗಾಗಿ ಸಣ್ಣ ಪ್ರಶ್ನೆಯಲ್ಲ.

ವಸತಿಯ ಕಡೆಯಿಂದ ಕೆಲವು ಕೆಲಸ ಆಗಿದೆ. 2010ರ ದಶಕದಲ್ಲಿ ಪಶ್ಚಿಮ ರಿಲ್‌ನಲ್ಲಿ ಹಾಳಾಗಿದ್ದ ಮನೆಸಾಲುಗಳನ್ನು ಕೆಡವಿ ಒಂದು ಪಾರ್ಕ್ ಮಾಡಿದರು. ವೇಲ್ಸ್‌ನ ಖಾಸಗಿ ಬಾಡಿಗೆ ಮನೆಗಳ ಮಾಲೀಕರಿಗೆ ಈಗ ನೋಂದಣಿ ಕಡ್ಡಾಯ. 2022ರ ಡಿಸೆಂಬರ್‌ನಿಂದ ಬಾಡಿಗೆದಾರರ ಹೊಸ ಕಾನೂನು ಜಾರಿಯಲ್ಲಿದೆ. ಸುರಕ್ಷತೆ ಅನ್ನುವುದು ಬರೀ ಲಾಠಿಯ ವಿಷಯ ಅಲ್ಲ ಅನ್ನುವುದಕ್ಕೆ ಇವು ಪುರಾವೆ.

ಹೋಗುವವರು ಏನು ನೋಡಬೇಕು?

ವೇಲ್ಸ್‌ನ ಯಾವುದೇ ಸಣ್ಣ ಊರಿಗೆ ಓದಲು, ಕೆಲಸಕ್ಕೆ ಹೋಗುವವರು ಒಟ್ಟು ದರ ಬಿಡಿ, ವರ್ಗ ನೋಡಿ. ನಿಮಗೆ ಸಂಬಂಧಿಸಿದ್ದು ದರೋಡೆ, ಮನೆಗಳ್ಳತನ, ಜನಾಂಗೀಯ ದ್ವೇಷದ ಅಪರಾಧ. ಅಂಗಡಿ ಕಳ್ಳತನ ಅಲ್ಲ. ಊರು ನೋಡಬೇಡಿ, ಬೀದಿ ನೋಡಿ, ಅದೂ ಹಲವು ತಿಂಗಳುಗಳ ಲೆಕ್ಕ. ಬಾಡಿಗೆ ಕೊಡುವ ಮೊದಲು ಮಾಲೀಕರ ನೋಂದಣಿ ಪರೀಕ್ಷಿಸಿ. ತುರ್ತಿಗೆ 999, ಉಳಿದದ್ದಕ್ಕೆ 101. ಏನಾದರೂ ಆದರೆ ದೂರು ಕೊಡಿ. ನಿಮ್ಮ ದೂರಿನಿಂದ ಊರಿನ ದರ ಒಂದು ಅಂಕಿ ಏರಬಹುದು, ಏರಲಿ.

ಇದೇ ಮಾತು ನಮ್ಮ ಎನ್‌ಸಿಆರ್‌ಬಿ ವರದಿಗೂ ಅನ್ವಯಿಸುತ್ತೆ. ಪ್ರತಿ ಸಲ ವರದಿ ಬಂದಾಗಲೂ ಒಂದು ಪಕ್ಷ ಕೇರಳವನ್ನೋ ಕರ್ನಾಟಕವನ್ನೋ ತೋರಿಸಿ 'ನೋಡಿ, ಅಪರಾಧದಲ್ಲಿ ಮುಂದೆ' ಅನ್ನುತ್ತೆ. ಒಂದು ಎಫ್‌ಐಆರ್‌ನಲ್ಲಿ ಐದು ಅಪರಾಧ ಇದ್ದರೂ ಎನ್‌ಸಿಆರ್‌ಬಿ ಎಣಿಸುವುದು ಅತ್ಯಂತ ಗಂಭೀರವಾದ ಒಂದನ್ನು ಮಾತ್ರ. ಎಫ್‌ಐಆರ್ ಹಾಕಿಕೊಳ್ಳದೆ ವಾಪಸ್ ಕಳಿಸುವ ಠಾಣೆ ಅಂಕಿಯಲ್ಲಿ ಶಾಂತವಾಗೇ ಕಾಣುತ್ತೆ. ದೂರು ಬರೆದುಕೊಳ್ಳುವ ಠಾಣೆಗೆ ಕೆಟ್ಟ ಹೆಸರು.

ಯಾವ ಊರನ್ನಾದರೂ ಯಾರಾದರೂ 'ಡೇಂಜರಸ್' ಅಂದರೆ ಮೂರು ಪ್ರಶ್ನೆ ಕೇಳಿ. ಏನನ್ನು ಎಣಿಸಿದ್ರಿ? ಯಾರಿಂದ ಭಾಗಿಸಿದ್ರಿ? ಪೆಟ್ಟು ತಿಂದವರು ಯಾರು? ಮೂರನೆಯದಕ್ಕೆ ಉತ್ತರ ಇಲ್ಲದ ಪಟ್ಟಿಯಿಂದ ರಿಲ್‌ನ ಆ ರೂಮುಗಳಲ್ಲಿ ಬದುಕುವವರಿಗೆ ಏನೂ ಉಪಯೋಗವಿಲ್ಲ.